ನೀಲಿಯಲ್ಲದ ನೀಲಿ ಕಪ್ಪೆ

ನನಗೆ ಸಿಟ್ಟು ಎಷ್ಟು ಬೇಗ ಬರುತ್ತದೋ ಅಷ್ಟೇ ಬೇಗ ಇಳಿಯುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಮೊದಲ ಅರ್ಧ ಮಾತು ಖರೆ. ಉಳಿದರ್ಧ ಅಕ್ಕನ ವಿಷಯದಲ್ಲಿ ಸುಳ್ಳಾಯಿತು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಧಾರವಾಡದಲ್ಲಿ ಓದುವಾಗ ಹಾಸ್ಟೆಲ್ಲಿನಲ್ಲಿ ನನಗಿಂತ ಒಂದು ವರ್ಷ ಮುಂದಿದ್ದವಳು. ನಾನು ರೋಣದ ಹತ್ತಿರದ ಜಕ್ಕಲಿಯವಳು, ಅವಳು ಮಲಪ್ರಭೆಯ ದಂಡೆಯ ಕೊಣ್ಣೂರಿನವಳು. ಉಳಿದ ಹುಡುಗಿಯರು ಕಪ್ಪೆ ಕೊಯ್ಯುವ ಪ್ರಾಕ್ಟಿಕಲ್ ದಿನ ತಲೆನೋವೆಂದು ಹೊದ್ದು ಮಲಗಿದರೆ ನಾವಿಬ್ಬರು ಲ್ಯಾಬಿನ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಲ್ಲುತ್ತಿದ್ದೆವು. ರಜೆಯಲ್ಲಿ ನಾನು ಅವಳ ಊರಿಗೆ ಹೋಗುತ್ತಿದ್ದೆ. ಮಲಪ್ರಭೆ ತುಂಬಿ ಸೇತುವೆ ಮುಳುಗಿದ ವರ್ಷ ಊರವರೆಲ್ಲ ನೀರು ನೋಡಲು ನಿಂತಿದ್ದರೆ, ನಾವು ನೀರು ನಿಂತ ಹೊಲಗಳಲ್ಲಿ ಕೆಸರು ತುಳಿಯುತ್ತ ಯಾವ ಕಪ್ಪೆ ಹೇಗೆ ಒದರುತ್ತದೆ ಎಂದು ಕೇಳುತ್ತ ತಿರುಗಿದೆವು. ಅವಳ ಅವ್ವ ಬೈದು, ಬೈಯುತ್ತಲೇ ಕಾಲಿಗೆ ಬಿಸಿನೀರು ಹಾಕಿದಳು.

ನಮ್ಮ ಕಡೆಯ ಕಪ್ಪೆಗಳು ಎರಿ ಮಣ್ಣಿನವು. ಬೇಸಿಗೆಯಲ್ಲಿ ಹೊಲ ಬಿರಿದಾಗ ಆ ಬಿರುಕಿನೊಳಗೇ ಎಲ್ಲೋ ಕೂತಿದ್ದು, ಮೊದಲ ದೊಡ್ಡ ಮಳೆಗೆ ಮೇಲೆ ಬರುತ್ತವೆ. ಬಣ್ಣವೂ ಮಣ್ಣಿನದೇ. ಕಂದು, ಬೂದು, ಹೆಚ್ಚೆಂದರೆ ಬೆನ್ನ ಮೇಲೊಂದು ಬಿಳಿ ಗೆರೆ. ಸತ್ತ ಮೇಲೆ ಬಾಟಲಿಯ ಸ್ಪಿರಿಟ್ಟಿನಲ್ಲಿ ಎಷ್ಟು ಕಾಲ ಇಟ್ಟರೂ ಸ್ವಲ್ಪ ಮಾಸುತ್ತವೆ ಅಷ್ಟೇ. ನಾವಿಬ್ಬರೂ ಕಣ್ಣು ಪಳಗಿಸಿಕೊಂಡದ್ದು ಇವುಗಳ ಮೇಲೆ.

ಓದು ಮುಗಿದ ಮೇಲೆ ಅಕ್ಕ ಮದುವೆಯಾಗಿ ನರಗುಂದಕ್ಕೆ ಬಂದಳು, ಅಲ್ಲಿಯ ಕಾಲೇಜೊಂದರಲ್ಲಿ ಪಾಠ ಹೇಳತೊಡಗಿದಳು. ನಾನು ಗಜೇಂದ್ರಗಡದಲ್ಲಿ ಅದೇ ಕೆಲಸಕ್ಕೆ ಸೇರಿದೆ. ಕೆಲವು ವರ್ಷಗಳ ಹಿಂದೆ ಬಂಗಾಳ ಕೊಲ್ಲಿಯ ದ್ವೀಪಗಳ ಕಾಡಿನಲ್ಲಿ ಕಪ್ಪೆ ಹುಡುಕುವ ಒಂದು ತಂಡ ಸಿಕ್ಕಿತು. ಪ್ರತಿ ರಜೆಗೂ ಅವರ ಜೊತೆ ಹೊರಡತೊಡಗಿದೆ. ಮೊದಲ ಸಲ ಅಕ್ಕನೂ ಬರುವವಳಿದ್ದಳು. ಹೊರಡುವ ಹೊತ್ತಿಗೆ ಅವಳ ಅತ್ತೆ ಹಾಸಿಗೆ ಹಿಡಿದರು. ಆಮೇಲೆ ಮಗ ಹುಟ್ಟಿದ. ಆಮೇಲೆ ಅವಳನ್ನು ಕರೆಯುವುದನ್ನು ನಾನು ಬಿಟ್ಟೆ. ಕರೆದರೆ ಅವಳ ಮುಖ ನೋಡಲಾಗುತ್ತಿರಲಿಲ್ಲ.

ಆದರೂ ಕೆಲಸ ಇಬ್ಬರದೂ ಆಗಿತ್ತು. ಹೊಸ ಕಪ್ಪೆ ಸಿಕ್ಕಿತು ಎಂದರೆ ಹಿಡಿದು ಫೋಟೋ ಹೊಡೆದರೆ ಮುಗಿಯುವುದಿಲ್ಲ. ಅದರ ಒಂದೊಂದು ಬೆರಳು, ಬೆರಳ ತುದಿಯ ಅಂಟುಬಟ್ಟಲು, ಬೆರಳ ನಡುವಿನ ತೊಗಲು, ಕಿವಿಯ ತಮಟೆ ಎಲ್ಲವನ್ನೂ ಅಳೆದು ವರ್ಣಿಸಬೇಕು. ಗೊತ್ತಿರುವ ಉಳಿದ ಕಪ್ಪೆಗಳಿಗಿಂತ ಇದು ಹೇಗೆ ಬೇರೆ ಎಂದು ತೋರಿಸಬೇಕು. ಹೆಸರಿಡಬೇಕು. ಯಾರು ಮೊದಲು ಅಚ್ಚು ಹಾಕಿಸುತ್ತಾರೋ ಅವರು ಇಟ್ಟ ಹೆಸರೇ ಹೆಸರು, ಮತ್ತು ಆ ಹೆಸರಿನ ಬಾಲಕ್ಕೆ ಅವರ ಹೆಸರು ಅಂಟಿಕೊಳ್ಳುತ್ತದೆ. ವರ್ಣಿಸುವುದು ನನ್ನ ಕೆಲಸ, ಚಿತ್ರ ಬರೆಯುವುದು ಅಕ್ಕನದು. ಅಂಗಾಲಿನ ಒಂದು ಗೀರು ಕೂಡ ತಪ್ಪದ ಹಾಗೆ ಮಸಿಯಲ್ಲಿ ಬರೆಯುತ್ತಿದ್ದಳು. ಅವಳ ಕೈಗೆ ಸಾಟಿ ನಾನು ಇವತ್ತಿಗೂ ಕಂಡಿಲ್ಲ. ಸಿಟ್ಟಿದ್ದರೂ ಇದನ್ನು ಹೇಳಲೇಬೇಕು.

ಅವಳದೊಂದು ನಿಯಮವಿತ್ತು. ಚಿತ್ರ ಮುಗಿಯುವವರೆಗೆ ಕಪ್ಪೆ ನೋಡಲಿಕ್ಕೆ ಹೇಗಿತ್ತು ಎಂದು ನಾನು ಬಾಯಿ ಬಿಡಬಾರದು. ಫೋಟೋ ತೋರಿಸಬಾರದು. ನೀನು ಹೇಳಿದ್ದನ್ನು ನನ್ನ ಕೈ ಬರೆದುಬಿಡುತ್ತದೆ, ತಟ್ಟೆಯಲ್ಲಿಟ್ಟ ಸತ್ತ ಕಪ್ಪೆಯಲ್ಲಿ ಇರುವುದನ್ನಷ್ಟೇ ಬರೆಯಬೇಕು ಎನ್ನುತ್ತಿದ್ದಳು. ಒಳ್ಳೆಯ ನಿಯಮವೇ. ನನಗೋ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಅವಳ ಚಿತ್ರ ಮುಗಿಯುವವರೆಗೆ ಹೊಟ್ಟೆ ಉಬ್ಬಿದಂತಾಗಿ ಒದ್ದಾಡುತ್ತಿದ್ದೆ. ಮುಗಿದ ದಿನ ಬಸ್ಸು ಹಿಡಿದು ಹೋಗಿ ಫೋಟೋಗಳನ್ನು ಒಂದೊಂದಾಗಿ ತೋರಿಸುತ್ತ, ಎರಡು ಸಲ ಚಹ ಕುಡಿಯುವಷ್ಟು ಹೊತ್ತು ಮಾತಾಡುವುದು ನಮ್ಮ ಹಬ್ಬ.

ಈ ಕಪ್ಪೆ ಸಿಕ್ಕದ್ದು ಹೊತ್ತು ಮುಳುಗುವಾಗ. ಮಳೆ ನಿಂತು ಕಾಡೆಲ್ಲ ತೊಟ್ಟಿಕ್ಕುತ್ತಿತ್ತು. ಅಲ್ಲಿ ಕೇದಗಿಯಂಥದೇ ಒಂದು ಗಿಡ, ಎಲೆಯ ಬುಡದಲ್ಲಿ ನೀರು ನಿಲ್ಲುತ್ತದೆ. ಆ ನೀರಿನಿಂದ ಯಾರೋ ಬಳೆ ಅಲುಗಿಸಿದ ಹಾಗೆ ಸಣ್ಣ ಸದ್ದು. ಬೆಳಕು ಪೂರ್ತಿ ಹೋಗುತ್ತಲೂ ಅದು ನಿಂತಿತು. ಮರುದಿನವೂ ಅಷ್ಟೇ ಹೊತ್ತು ಕೂಗಿ ಸುಮ್ಮನಾಯಿತು. ಕೊನೆಗೆ ಎಲೆ ಬಗ್ಗಿಸಿದಾಗ ಹೆಬ್ಬೆರಳ ಉಗುರಿನಷ್ಟು ಹಸಿರು ಕಪ್ಪೆ ನನ್ನನ್ನೇ ನೋಡುತ್ತ ಕೂತಿತ್ತು. ನಾನು ಅತ್ತೆ. ತಂಡದವರು ನಕ್ಕರು, ನಗಲಿ. ಆ ಕ್ಷಣವೇ ಹೆಸರು ಹೊಳೆಯಿತು: ಮುಚ್ಚಂಜಿ. ಹೊತ್ತು ಮುಳುಗುವ ಹೊತ್ತಿಗೆ ನಮ್ಮ ಊರಿನಲ್ಲಿ ಹಾಗೇ ಅನ್ನುವುದು. ಲೋಕದ ಕಪ್ಪೆಗಳ ಪಟ್ಟಿಯಲ್ಲಿ ನಮ್ಮ ರೋಣದ ಕಡೆಯ ಒಂದು ಮಾತು ಇರಲಿ ಎಂಬುದು ನನ್ನ ಆಸೆ. ಬದುಕಿನಲ್ಲಿ ನಾನು ಇಷ್ಟಪಟ್ಟು ಬೇಡಿದ್ದು ಅದೊಂದೇ.

ತಂಡದ ಒಪ್ಪಿಗೆ ಪಡೆದು, ಹಿಡಿದವುಗಳಲ್ಲಿ ಒಂದರ ಕಾಲಿಗೆ ನಂಬರಿನ ಚೀಟಿಯನ್ನು ದಾರದಲ್ಲಿ ಕಟ್ಟಿ, ಸ್ಪಿರಿಟ್ಟಿನ ಬಾಟಲಿಯಲ್ಲಿ ತಂದು ನರಗುಂದದ ಮನೆಯಲ್ಲಿ ಅಕ್ಕನ ಕೈಗೆ ಕೊಟ್ಟೆ. ಹೆಸರು ಹೇಳಿದೆ. ಅವಳ ಕಣ್ಣು ತುಂಬಿ ಬಂತು. ಬಣ್ಣ ಹೇಳಲು ನಾಲಿಗೆ ತುರಿಸುತ್ತಿತ್ತು. ಬಾಯಿ ಮುಚ್ಚು ಎಂದು ಕೈ ಮಾಡಿದಳು. ಮುಚ್ಚಿದೆ.

ಆಮೇಲೆ ತಿಂಗಳುಗಟ್ಟಲೆ ಚಿತ್ರ ಬರಲೇ ಇಲ್ಲ. ಕೇಳಿದಾಗೆಲ್ಲ ಒಂದು ಅಂಗಾಲು ಉಳಿದಿದೆ, ಮಗನಿಗೆ ಜ್ವರ, ಪರೀಕ್ಷೆಯ ಗದ್ದಲ. ಹೋಗಲಿ, ಗರತಿಗೆ ನೂರೆಂಟು ಕೆಲಸ ಎಂದು ನಾನೇ ಸಮಾಧಾನ ಹೇಳುತ್ತಿದ್ದೆ. ನಡುನಡುವೆ ಅವಳೇ ಫೋನು ಮಾಡಿ ಕೇಳುತ್ತಿದ್ದಳು. ನೆಲದಿಂದ ಎಷ್ಟು ಎತ್ತರದಲ್ಲಿತ್ತು? ಮೊಟ್ಟೆ ಎಲ್ಲಿ ಇಡುತ್ತದೆ? ಕೂಗು ಹೇಗೆ, ಎಷ್ಟೆಷ್ಟು ಹೊತ್ತಿಗೆ? ಅಯ್ಯೋ, ನನ್ನ ಬುದ್ಧಿ ಎಲ್ಲಿಗೆ ಹೋಗಿತ್ತೋ! ಅಕ್ಕನಿಗೆ ಎಷ್ಟು ಆಸ್ಥೆ ಎಂದು ಖುಷಿಪಟ್ಟು ಎಲ್ಲ ಬಿಡಿಸಿ ಬಿಡಿಸಿ ಹೇಳಿದೆ. ಕೂಗನ್ನು ಬಾಯಲ್ಲಿ ಮಾಡಿಯೂ ತೋರಿಸಿದೆ.

ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿ ಕೂತಿದ್ದಾಗ ಕನ್ನಡ ಕಲಿಸುವ ಸಹೋದ್ಯೋಗಿಯೊಬ್ಬರು ಪೇಪರು ಹಿಡಿದು ಬಂದರು. "ಮೇಡಂ, ಇವ್ರು ನಿಮ್ಮ ಗೆಳತಿ ಅಲ್ರೀ? ನೀಲಿ ಕಪ್ಪಿ ಹುಡುಕ್ಯಾರಂತ ನೋಡ್ರಿ" ಎಂದರು. ನೋಡಿದೆ. ನರಗುಂದದ ಅಧ್ಯಾಪಕಿ, ದ್ವೀಪದ ಕಾಡಿನ ಹೊಸ ಪ್ರಭೇದ, ಪಕ್ಕದಲ್ಲಿ ಅಕ್ಕನ ನಗುಮುಖ. ದೇವರಾಣೆಗೂ, ಮೊದಲು ನನಗಾದದ್ದು ಸಂತೋಷ. ಇವಳಿಗೂ ಯಾವುದೋ ಕಪ್ಪೆ ಸಿಕ್ಕಿದೆ, ಅದೂ ನೀಲಿಯದು, ನನಗೇ ಹೇಳದೆ ಮುಚ್ಚಿಟ್ಟಿದ್ದಾಳೆ ನೋಡು ಕಳ್ಳಿ ಎಂದುಕೊಂಡೆ. ಆಮೇಲೆ ಕಪ್ಪೆಯ ಫೋಟೋ ನೋಡಿದೆ. ಅದರ ಕಾಲಿಗೆ ಕಟ್ಟಿದ ದಾರದ ಗಂಟು ನಾನು ಹಾಕಿದ್ದು.

ಡಬ್ಬಿ ಮುಚ್ಚಿದೆ. ನಿಮ್ಮ ಗೆಳತಿ ದೊಡ್ಡ ಹೆಸರು ಮಾಡಿದರು, ಪೇಡೆ ಯಾವಾಗ ಎಂದು ಅವರು ಕೇಳುತ್ತಿದ್ದರು. ನಾನು ಏನೋ ಹಲ್ಲು ಕಿರಿದು ಹೊರಗೆ ಬಂದೆ.

ಅವಳ ಲೇಖನ ಯಾವುದೋ ಸಣ್ಣ ಪತ್ರಿಕೆಯಲ್ಲಿ ಬಂದಿತ್ತು. ಫೋನಿನಲ್ಲೇ ತೆಗೆದು ಓದಿದೆ. ನಾನು ಫೋನಿನಲ್ಲಿ ಹೇಳಿದ್ದೆಲ್ಲ ಅಲ್ಲಿತ್ತು. ಗಿಡ, ಎಲೆಯ ಬುಡದ ನೀರು, ಬಳೆಯ ಸದ್ದು ಕೂಡ. ಚಿತ್ರಗಳಂತೂ ಎಷ್ಟು ಚೆಂದವೆಂದರೆ ಮೈಯೆಲ್ಲ ಉರಿಯಿತು. ಮಾದರಿಯಾಗಿ ಇಡಬೇಕಾದ ಕಪ್ಪೆಯನ್ನು, ಅಂದರೆ ನನ್ನ ಬಾಟಲಿಯನ್ನು, ತನ್ನ ಹೆಸರಿನಲ್ಲೇ ಒಂದು ಸಂಗ್ರಹಾಲಯಕ್ಕೆ ಒಪ್ಪಿಸಿಬಿಟ್ಟಿದ್ದಳು. ನಾನೂ ಇದ್ದೆ ಒಂದು ಮೂಲೆಯಲ್ಲಿ: 'ಹಿಡಿದವರು' ಎಂದು. ಇಲಿ ಹಿಡಿದವರು ಅಂದ ಹಾಗೆ. ಮತ್ತು ಹೆಸರು! ನೀಲಿ ಬೆನ್ನಿನದು ಎಂಬ ಅರ್ಥದ ಲ್ಯಾಟಿನ್ ಹೆಸರು. ಬದುಕಿದ್ದಾಗಲೂ ಬಣ್ಣ ಇದೇ ಎಂದು ಧೈರ್ಯವಾಗಿ ಬರೆದಿದ್ದಳು.

ಅಲ್ಲಿ ನನಗೆ ನಗು ಬಂತು. ಕೆಟ್ಟ ನಗು. ದ್ವೀಪದ ಹಸಿರು ಕಪ್ಪೆಗಳ ಮೈಯಲ್ಲಿ ಹಸಿರೆಂಬುದು ನೀಲಿಯೂ ಹಳದಿಯೂ ಸೇರಿ ಆದದ್ದು. ಸ್ಪಿರಿಟ್ಟಿನಲ್ಲಿ ಇಟ್ಟರೆ ಹಳದಿ ಕರಗಿಹೋಗಿ ಬರೀ ನೀಲಿ ಉಳಿಯುತ್ತದೆ. ಕಾಡಿಗೆ ಒಮ್ಮೆ ಹೋದವರಿಗೆಲ್ಲ ಗೊತ್ತಿರುವ ಸಂಗತಿ. ಜನ್ಮವೆಲ್ಲ ಎರಿ ಮಣ್ಣಿನ ಕಪ್ಪೆಗಳನ್ನೇ ನೋಡಿದ ನಮ್ಮಂಥವರಿಗೆ ಮಾತ್ರ ಹೊಳೆಯಲಾರದ್ದು. ಈ ಮೊದಲು ದ್ವೀಪದಿಂದ ನಾನು ಅವಳಿಗೆ ತಂದುಕೊಟ್ಟವೂ ಎಲ್ಲ ಕಂದು ಬಣ್ಣದವೇ. ಅಷ್ಟೊಂದು ಕೇಳಿದವಳು ಬಣ್ಣವೊಂದನ್ನು ಕೇಳಿರಲಿಲ್ಲ. ಯಾಕೆ ಕೇಳಿಯಾಳು, ಕಣ್ಣೆದುರಿಗೇ ಬಾಟಲಿಯಿತ್ತು.

ನಗು ಬಹಳ ಹೊತ್ತು ಉಳಿಯಲಿಲ್ಲ. ನಮ್ಮ ಈ ಕೆಲಸದಲ್ಲಿ ಅಚ್ಚಾದ ಹೆಸರು ತಪ್ಪೆಂದು ಗೊತ್ತಾದರೂ ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಬಣ್ಣ ತಿದ್ದಿ ಬರೆಯಬಹುದು, ಹೆಸರು ತಿದ್ದಲಾಗದು. ಆ ಹಸಿರು ಕೂಸು ಇನ್ನು ಮುಂದೆ ನೀಲಿಯೇ. ನಾನು ಸತ್ತ ಮೇಲೂ ನೀಲಿಯೇ. ಅಷ್ಟು ಮಾಡುವವಳು ಮುಚ್ಚಂಜಿ ಎಂದಾದರೂ ಇಟ್ಟಿದ್ದರೆ ನಾನು ಅರ್ಧ ಸಿಟ್ಟು ನುಂಗುತ್ತಿದ್ದೆನೇನೋ.

ಬಂದ ಭಾನುವಾರವೇ ಗಜೇಂದ್ರಗಡದಿಂದ ರೋಣಕ್ಕೆ, ರೋಣದಿಂದ ನರಗುಂದಕ್ಕೆ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ಹೆಣ್ಣುಮಕ್ಕಳ ಬಾಯಲ್ಲಿ ಬರಬಾರದಂಥವನ್ನೂ ಬಿಡಲಿಲ್ಲ. ಬಾಗಿಲು ತೆರೆದವಳು ದಾರಿ ಬಿಟ್ಟಳು. ಮಗನನ್ನು ಮೊದಲೇ ಅವನಪ್ಪನ ಜೊತೆ ಹೊರಗೆ ಕಳಿಸಿದ್ದಳು. ಅಂದರೆ ನನ್ನ ಹಾದಿ ನೋಡುತ್ತಲೇ ಇದ್ದಳು.

ಯಾಕೆ ಹೀಗೆ ಮಾಡಿದೆ ಎಂದಷ್ಟೇ ಕೇಳಿದೆ. ಜೋಡಿಸಿಕೊಂಡು ಬಂದ ಬೈಗುಳ ಒಂದೂ ಬಾಯಿಗೆ ಬರಲಿಲ್ಲ.

ಅವಳು ಕೂರಲಿಲ್ಲ, ನನ್ನ ಕಡೆ ನೋಡಲಿಲ್ಲ. "ನೀ ಹ್ವಾದ ವರ್ಷಾನೂ ಹೋಗಿದ್ದಿ, ಬರೋ ವರ್ಷಾನೂ ಹೋಗ್ತಿ. ನಿನಗ ಇನ್ನೊಂದ ಸಿಗತೈತಿ. ನನ್ನ ಕೈಗೆ ಬಂದದ್ದು ಇದೊಂದ" ಎಂದಳು.

"ತಾನಾಗಿ ಕೈಗೆ ಬಂದದ್ದಲ್ಲಕ್ಕ. ನಾ ಕೊಟ್ಟದ್ದು."

ಅದಕ್ಕೆ ಅವಳು ಚಹ ಇಡಲೇ ಎಂದು ಕೇಳಿದಳು! ಚಹ! ಆಗ ನನ್ನ ತಲೆ ನಿಜವಾಗಿಯೂ ಕೆಟ್ಟಿತು. ಕೊಣ್ಣೂರಿನ ಕೆಸರು, ಅವಳವ್ವ ಹಾಕಿದ ಬಿಸಿನೀರು, ಅವಳ ಬಾಣಂತನದಲ್ಲಿ ನಾನು ಅವಳ ಕಾಲೇಜಿನ ಉತ್ತರಪತ್ರಿಕೆಗಳನ್ನು ತಿದ್ದಿ ಕೊಟ್ಟದ್ದು, ಎಲ್ಲ ಎತ್ತಿ ಆಡಿದೆ. ಕೇಳಿಸಿಕೊಂಡು ನಿಂತಳು. ಅತ್ತಿದ್ದರೆ ನಾನು ಕರಗುತ್ತಿದ್ದೆ, ಅಳಲಿಲ್ಲ. ನನಗೆ ನೋವಾದಷ್ಟು ಅವಳಿಗೂ ಆಗಲಿ ಎಂದು ಉಳಿಸಿಟ್ಟುಕೊಂಡದ್ದನ್ನು ಹೊರಗೆ ತೆಗೆದೆ.

"ಅಕ್ಕಾ, ಆ ಕಪ್ಪಿ ನೀಲಿ ಅಲ್ಲ. ಹಸರ ಐತಿ."

ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆ ಎಂಬ ಹಾಗೆ ನೋಡಿದಳು. ಸ್ಪಿರಿಟ್ಟು ಹಳದಿಯನ್ನು ತಿನ್ನುವ ವಿಷಯ ಬಿಡಿಸಿ ಹೇಳಿದೆ, ಮಕ್ಕಳಿಗೆ ಪಾಠ ಹೇಳಿದ ಹಾಗೆ ನಿಧಾನವಾಗಿ. ಹೇಳುತ್ತ ಅವಳ ಮುಖ ನೋಡುತ್ತಲೇ ಇದ್ದೆ. ಅವಳೂ ಅದೇ ವಿದ್ಯೆ ಓದಿದವಳು, ಅರ್ಧಕ್ಕೇ ತಿಳಿಯಿತು. ತಾನು ಇಟ್ಟ ಹೆಸರು ಎಂಥದ್ದು, ಇನ್ನು ಯಾರು ಯಾರು ನಗುತ್ತಾರೆ, ಪೇಪರಿನವರ ಮುಂದೆ ಏನೇನು ಹೇಳಿಬಂದೆ, ಎಲ್ಲ ಒಂದೊಂದಾಗಿ ಆ ಮುಖದ ಮೇಲೆ ಬಂದು ಹೋಯಿತು. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು. ಅವಳು ಅಲ್ಲೇ ನೆಲಕ್ಕೆ ಕೂತಳು. ಇನ್ನು ನನ್ನ ಕಾಲು ಹಿಡಿಯುತ್ತಾಳೆ, ಯಾರಿಗೂ ಹೇಳಬೇಡ ಎನ್ನುತ್ತಾಳೆ ಎಂದು ಕಾದೆ.

ಅವಳು ಅದನ್ನು ಕೇಳಲಿಲ್ಲ. ತಲೆಯೆತ್ತಿ, ಹಾಸ್ಟೆಲ್ಲಿನ ದಿನಗಳ ಅದೇ ದನಿಯಲ್ಲಿ ಕೇಳಿದಳು:

"ಹಸರಂದ್ರ... ಎಂಥಾ ಹಸರ ಐತಿ?"

ದ್ವೀಪದಿಂದ ವಾಪಸು ಬರುವಾಗ ಹಡಗಿನಲ್ಲಿ ಕೂತು ನಾನು ಯೋಚಿಸಿದ್ದು ಇದೊಂದನ್ನೇ. ಈ ಹಸಿರನ್ನು ಅಕ್ಕನಿಗೆ ಹೇಗೆ ಹೇಳಲಿ? ಕೊನೆಗೆ ಸಿಕ್ಕಿತ್ತು. ಹಿಂಗಾರಿ ಜೋಳ ಆಗಷ್ಟೇ ಎದ್ದಿರುತ್ತದಲ್ಲ, ಬೆಳಗಿನ ಬಿಸಿಲಿಗೆ ಎದುರಾಗಿ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಆ ಎಲೆಯೊಳಗಿನಿಂದ ಬೆಳಕು ನೋಡಿದರೆ ಕಾಣುತ್ತದಲ್ಲ, ಅದು. ಬೇರೆ ಯಾರಿಗೂ ಹೀಗೆ ಹೇಳಿದರೆ ತಿಳಿಯುವುದಿಲ್ಲ, ತಂಡದವರಿಗಂತೂ ಜೋಳವೇ ಗೊತ್ತಿಲ್ಲ. ಅವಳಿಗೆಂದೇ ಹುಡುಕಿದ್ದು. ಬಾಟಲಿ ಕೊಟ್ಟ ದಿನ ನಾಲಿಗೆಯ ತುದಿಯವರೆಗೆ ಬಂದು ನಿಂತಿದ್ದು.

ಫೋಟೋಗಳಿದ್ದ ಫೋನು ನನ್ನ ಕೈಯಲ್ಲೇ ಇತ್ತು. ಅವಳು ಅದನ್ನೇ ನೋಡುತ್ತಿದ್ದಳು, ಮಕ್ಕಳು ತಿಂಡಿಯ ಪೊಟ್ಟಣ ನೋಡುವ ಹಾಗೆ. ನಾನು ಫೋನನ್ನು ಚೀಲದೊಳಗೆ ಹಾಕಿದೆ, ಚಪ್ಪಲಿ ಮೆಟ್ಟಿದೆ. ಹಿಂದಿನಿಂದ ಇನ್ನೊಮ್ಮೆ ಅದನ್ನೇ ಕೇಳಿದಳು. ನಾನು ಹೇಳದೆ ಬಂದೆ.