ಕಂಬಕ್ಕೆ ಕೊಕ್ಕೆ ಬಡಿಯುವ ಕೆಲಸ

ಅಂದು ಯಾರೂ ಸಾಯಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಆ ಮಧ್ಯಾಹ್ನವನ್ನು ನೆನೆಯಲು ಕೂತಾಗಲೆಲ್ಲ ನಾನೂ ಮೊದಲು ಇದನ್ನೇ ಹೇಳಿಕೊಳ್ಳುತ್ತೇನೆ. ಇಲ್ಲದಿದ್ದರೆ ಮುಂದಕ್ಕೆ ಹೋಗಲಾಗುವುದಿಲ್ಲ. ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ ಎರಡಾಳೆತ್ತರದ ಚೀಲದ ಅಟ್ಟಿ ಕುಸಿದು ಬಿತ್ತು. ಅದರ ಬುಡದಲ್ಲಿ ಒಬ್ಬ ಹಮಾಲ ನಿಂತಿದ್ದ. ಅವನು ಬದುಕಿದ್ದಾನೆ. ಅವನು ಅಲ್ಲಿ ಹಾಗೆ ನಿಲ್ಲುವುದಕ್ಕೆ ನಾನು ಬರೆದ ಒಂದು ಸಾಲೂ ಕಾರಣವಾಗಿತ್ತು.

ನಾನು ಕಾನಸೂರಿನಿಂದ ದಿನಾ ಬಸ್ಸಿನಲ್ಲಿ ಶಿರಸಿಗೆ ಬಂದು ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಕನ್ನಡ ಪಾಠ ಮಾಡುತ್ತಿದ್ದೆ. ಆ ವರ್ಷ ನನ್ನನ್ನು ಮತ್ತೆ ಕರೆಯಲಿಲ್ಲ. ಎರಡು ತಿಂಗಳು ಕಾದ ಮೇಲೆ ಪರಿಚಯದವರೊಬ್ಬರ ಮೂಲಕ ಒಂದು ವೇದಿಕೆಯಲ್ಲಿ ಕೆಲಸ ಸಿಕ್ಕಿತು. ಕಾರ್ಮಿಕ ಸಂಘಗಳ ಹಿಡಿತದಿಂದ ದುಡಿಯುವವರನ್ನು ಬಿಡಿಸುವುದು ಅವರ ಉದ್ದೇಶ. ಊರೂರಿಗೆ ಹೋಗಿ ಸಭೆ ಮಾಡುವುದು, ಕರಪತ್ರ ಹಂಚುವುದು, ಸಂಘ ಬಿಡಲು ಒಪ್ಪಿದವರಿಂದ ಪತ್ರಕ್ಕೆ ಸಹಿ ಹಾಕಿಸುವುದು. ಕರಪತ್ರ ಬರೆಯಲು ಒಳ್ಳೆಯ ಕನ್ನಡ ಬಲ್ಲವರು ಬೇಕಾಗಿದ್ದರು.

ವೇದಿಕೆಯ ಸಂಚಾಲಕರು ಹುಬ್ಬಳ್ಳಿಯವರು. ಕೆಟ್ಟ ಮನುಷ್ಯರಲ್ಲ. ಅವರ ತಂದೆ ದುಡಿಯುತ್ತಿದ್ದ ಗಿರಣಿ ಒಂದು ದೀರ್ಘ ಮುಷ್ಕರದ ನಂತರ ಬಾಗಿಲು ತೆರೆಯಲೇ ಇಲ್ಲವಂತೆ. ಆ ಕಥೆ ಹೇಳುವಾಗ ಅವರ ದನಿ ಪ್ರತಿ ಸಲವೂ ಒಂದೇ ಜಾಗದಲ್ಲಿ ತಗ್ಗುತ್ತಿತ್ತು. "ನಾವು ಯಾರ ವಿರುದ್ಧಾನೂ ಇಲ್ಲ ಮೇಡಂ. ಮನುಷ್ಯಾಗ ಬ್ಯಾಡ ಅನ್ನೂ ಹಕ್ಕು ಇರಬೇಕು, ಅಷ್ಟ" ಎನ್ನುತ್ತಿದ್ದರು. ನನಗೂ ಅದು ನ್ಯಾಯವೆನಿಸಿತ್ತು. ಈಗಲೂ ಅದರಲ್ಲಿ ತಪ್ಪು ಹುಡುಕಲು ಹೋದರೆ ಬೇಗ ಸಿಗುವುದಿಲ್ಲ.

ಮೊದಲ ಸಭೆ ಯಲ್ಲಾಪುರದಲ್ಲಿ, ಲಾರಿಗೆ ಸರಕು ಹೇರುವವರ ಮುಂದೆ. ಸಂಚಾಲಕರು ಮಾತು ಮುಗಿಸಿ ಪ್ರಶ್ನೆ ಕೇಳಿ ಎಂದರು. ಹಿಂದಿನ ಸಾಲಿನವನೊಬ್ಬ ಎದ್ದು ಅವರನ್ನು ಬಿಟ್ಟು ನನ್ನ ಕಡೆ ತಿರುಗಿದ. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನೆಲ್ಲ ಅಕ್ಕೋರು ಎನ್ನುತ್ತಾರೆ.

"ಅಕ್ಕೋರೇ, ಇದನ್ನ ಬರ್ದದ್ದು ನೀವೇಯಾ? ಓದೂಕೆ ಚಂದ ಆಗ್ತದೆ. ನಮ್ಮನೆ ರೇಶನ್ ಕಾರ್ಡಿಗೆ ಒಂದು ಅರ್ಜಿ ಬರ್ದು ಕೊಡ್ತ್ರಾ?"

ಅಂದು ಸಂಘ ಬಿಡುವ ಪತ್ರಕ್ಕೆ ಒಂದೂ ಸಹಿ ಬೀಳಲಿಲ್ಲ. ನಾನು ಹನ್ನೊಂದು ಅರ್ಜಿ ಬರೆದುಕೊಟ್ಟು ಬಸ್ಸು ಹತ್ತಿದೆ.

ಶಿರಸಿಗೆ ಬರೆಯುವ ಕರಪತ್ರದಲ್ಲಿ ಗಟ್ಟಿ ಉದಾಹರಣೆ ಬೇಕು ಎಂದರು ಸಂಚಾಲಕರು. ಅದಕ್ಕಾಗಿ ನಾನು ಒಂದು ವಖಾರಿಯಲ್ಲಿ ಎರಡು ದಿನ ಕೂತು ಹಮಾಲರ ಕೆಲಸ ನೋಡಿದೆ. ಒಂದು ಗುಂಪಿನಲ್ಲಿ ಆರು ಜನ. ಐವರು ಅಟ್ಟಿಯಿಂದ ಚೀಲ ಇಳಿಸಿ ಬೆನ್ನ ಮೇಲೆ ಲಾರಿಗೆ ಹೊರುತ್ತಿದ್ದರು. ಆರನೆಯವನು ವಯಸ್ಸಾದವನು, ಸೊಂಟ ಹೋದವನು. ಅವನು ಅಟ್ಟಿಯ ಎದುರಿನ ಕಂಬದ ಬುಡದಲ್ಲಿ ಕೂತು, ಚೀಲ ಎಳೆಯುವ ಕಬ್ಬಿಣದ ಕೊಕ್ಕೆಯಿಂದ ಆ ಕಂಬಕ್ಕೆ ಬಡಿಯುತ್ತಿದ್ದ. ಠಣ್, ಠಣ್, ಠಣ್. ಬೆಳಗಿನಿಂದ ಸಂಜೆಯವರೆಗೆ ಅದೇ. ಸಂಘದ ನಿಯಮದ ಪ್ರಕಾರ ಕೂಲಿಯಲ್ಲಿ ಅವನಿಗೂ ಸಮಪಾಲು.

"ಅಜ್ಜ, ಇದನ್ನ ಎಂತಕ್ಕೆ ಬಡೀತೀರಿ?" ಎಂದು ಕೇಳಿದೆ.

"ಹೊತ್ತು ಹೋಗೂದಿಲ್ಲ ಅಲ್ರಾ ಅಕ್ಕೋರೇ" ಎಂದ. ಹೊರುವವರೆಲ್ಲ ನಕ್ಕರು. ಆಮೇಲೆ ಕೈ ನಿಲ್ಲಿಸದೆಯೇ ಹೇಳಿದ: "ಮೇಲಿನ ಚೀಲ ಯಾರಾದ್ರೂ ನೋಡ್ತಾರೆ. ನಾ ನೋಡೂದು ಕೆಳಗಿಂದು. ಅಟ್ಟಿ ಬೀಳೂದು ಕೆಳಗಿನಿಂದ. ಬುಡದ ಚೀಲದ ಹೊಲಿಗೆ ಬಾಯಿ ಬಿಟ್ಟು ಅಡಿಕೆ ಉದ್ರೂಕೆ ಶುರುವಾದ್ರೆ ನಾ ಬಡಿಯೂದು ನಿಲ್ಲಿಸ್ತೆ. ಸದ್ದು ನಿಂತ್ರೆ ಇವ್ರ ಕಾಲು ತಾನಾಗೇ ಹಿಂದೆ ಬತ್ತದೆ."

"ಕೂಗಿದರಾಗದೇ?"

"ಕೂಗಿದ್ರೆ ಎಂತ ಅಂತ ತಿರುಗಿ ನೋಡ್ತಾರೆ. ತಿರುಗಿ ನೋಡೂ ಹೊತ್ತಲ್ಲ ಅದು."

ಇದನ್ನು ನಾನು ಕೇಳಿಸಿಕೊಂಡಿದ್ದೆ. ಪುಸ್ತಕದಲ್ಲಿ ಬರೆದುಕೊಂಡೂ ಇದ್ದೆ. ಮಧ್ಯಾಹ್ನ ಊಟವಾದ ಮೇಲೆ ಅವನು ತೂಕಡಿಸಿದ್ದನ್ನೂ, ನಿದ್ದೆಯಲ್ಲೇ ಕೈ ಕಂಬಕ್ಕೆ ಬಡಿಯುತ್ತಿದ್ದುದನ್ನೂ ಬರೆದುಕೊಂಡಿದ್ದೆ. ಮನೆಗೆ ಬಂದು ಕರಪತ್ರಕ್ಕೆ ಕೂತಾಗ ಅವನು ಹೇಳಿದ್ದಲ್ಲ, ನಾನು ಕಂಡದ್ದೇ ಕೆಲಸಕ್ಕೆ ಬಂತು. "ಐವರು ಹೊರುತ್ತಾರೆ, ಆರನೆಯವನು ಕಂಬ ಬಡಿಯುತ್ತಾನೆ. ನಿಮ್ಮ ಬೆವರಿನ ಪಾಲು ಕಂಬಕ್ಕೇಕೆ?" ಎಂದು ಬರೆದೆ. ಸಂಚಾಲಕರು ಅದನ್ನು ಎರಡು ಸಲ ಗಟ್ಟಿಯಾಗಿ ಓದಿ ತಲೆದೂಗಿದರು. ನನಗೆ ಖುಷಿಯಾಗಿತ್ತು, ಸುಳ್ಳು ಹೇಳಲಾರೆ.

ಆ ಸಾಲಿಗೆ ಐದು ಸಹಿ ಬಿದ್ದವು. ಮೊದಲು ಸಹಿ ಹಾಕಿದವನು ಬನವಾಸಿ ಕಡೆಯವನು, ಮೂವತ್ತರ ಆಸುಪಾಸಿನವನು. ಅವನಿಗೆ ಸಂಘದ ಮೇಲೆ ನಿಜವಾದ ಸಿಟ್ಟಿತ್ತು. ಎರಡು ವರ್ಷ ಅವನನ್ನು ಸದಸ್ಯನನ್ನಾಗಿ ಮಾಡದೆ, ಯಾರಾದರೂ ರಜೆ ಹಾಕಿದ ದಿನ ಮಾತ್ರ ಕರೆದಿದ್ದರು; ಆಮೇಲೂ ಅರೆ ಸದಸ್ಯನಾಗಿಯೇ ಇಟ್ಟಿದ್ದರು. "ನಾ ಹೊರಗಿನಾಂವ ಅಂತ್ರಿ. ಚೀಲಕ್ಕೇನು ಒಳಗಿನಾಂವ ಹೊರಗಿನಾಂವ ಗೊತ್ತಾಕ್ಕೈತೇನ್ರಿ?" ಎಂದು ಕೇಳಿದ್ದ. ಅದನ್ನೂ ಪುಸ್ತಕದಲ್ಲಿ ಬರೆದುಕೊಂಡೆ.

ವಖಾರಿಯ ಮಾಲಕರು ಒಂದು ವಾರದ ಮಟ್ಟಿಗೆ ಒಪ್ಪಿದರು. ಐವರೇ ಹೊರುವುದು, ಸಂಘವಿಲ್ಲ, ಕಂಬದ ಬುಡದಲ್ಲಿ ಯಾರೂ ಇಲ್ಲ. ಬೇರೆ ಊರುಗಳಲ್ಲಿ ತೋರಿಸಲು ನಾನು ಮೊಬೈಲಿನಲ್ಲಿ ವಿಡಿಯೊ ತೆಗೆಯಬೇಕಿತ್ತು.

ಎರಡು ದಿನ ಎಲ್ಲವೂ ಚೆನ್ನಾಗಿತ್ತು, ಕೆಲಸ ಬೇಗ ಮುಗಿಯುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ಘಟ್ಟ ಇಳಿಯಬೇಕಾದ ಲಾರಿ ಬಾಗಿಲಲ್ಲಿ ಇಂಜಿನ್ ಆರಿಸದೆ ನಿಂತಿತ್ತು, ಚಾಲಕ ಅವಸರ ಮಾಡುತ್ತಿದ್ದ. ಮೇಲಿನಿಂದ ಇಳಿಸುವುದು ತಡವೆಂದು ಅವರು ಅಟ್ಟಿಯ ಒಂದು ಮಗ್ಗುಲಿನಿಂದ ಎಳೆಯತೊಡಗಿದರು. ನಾನು ಹತ್ತು ಹೆಜ್ಜೆ ದೂರದಲ್ಲಿ ಮೊಬೈಲು ಹಿಡಿದು ನಿಂತಿದ್ದೆ. ಬನವಾಸಿ ಕಡೆಯವನು ಬುಡದಲ್ಲಿ ಬಗ್ಗಿ, ಬೆನ್ನಿಗೆ ಚೀಲ ಬೀಳುವುದನ್ನು ಕಾಯುತ್ತಿದ್ದ.

ಅವನ ಮೊಣಕಾಲಿನ ಪಕ್ಕದ ಚೀಲದ ಹೊಲಿಗೆ ಬಿಚ್ಚಿಕೊಂಡದ್ದನ್ನು ನಾನು ಮೊದಲು ಕಂಡದ್ದು ಮೊಬೈಲಿನ ಪರದೆಯಲ್ಲಿ. ಒಂದು ಅಡಿಕೆ ಉರುಳಿತು. ಮತ್ತೊಂದು. ಆಮೇಲೆ ನಲ್ಲಿ ಬಿಟ್ಟ ಹಾಗೆ. ಅದು ಏನೆಂದು ನನಗೆ ಗೊತ್ತಿತ್ತು. ಅಲ್ಲಿದ್ದವರ ಪೈಕಿ ಅದನ್ನು ನೋಡುತ್ತಿದ್ದವಳು ನಾನೊಬ್ಬಳೇ. ಆದರೆ ಏನನ್ನು ನಿಲ್ಲಿಸಲಿ? ನಿಲ್ಲಿಸಬೇಕಾದ ಸದ್ದೇ ಅಲ್ಲಿರಲಿಲ್ಲ. ಕಂಬ ಮೂರು ದಿನದಿಂದ ಸುಮ್ಮನಿತ್ತು.

ಕೂಗಿದೆ. ಏನು ಕೂಗಿದೆನೆಂದು ನೆನಪಿಲ್ಲ. ವಿಡಿಯೊ ಈಗಲೂ ನನ್ನಲ್ಲಿದೆ. ಅದರಲ್ಲಿ ಕೇಳುವುದು ಮಾತಲ್ಲ, ಬರೀ ಒಂದು ದನಿ. ಅವನು ತಿರುಗಿದ. ಅಜ್ಜ ಹೇಳಿದಂತೆಯೇ ತಿರುಗಿ ನೋಡಿದ. ಲಾರಿಯ ಸದ್ದಿನಲ್ಲಿ ಮಾತು ಕೇಳಿಸದೆ, ಅಕ್ಕೋರು ಏನೋ ಹೇಳುತ್ತಿದ್ದಾರೆಂದು ನೆಟ್ಟಗೆ ನಿಂತು, ತಲೆಗೆ ಸುತ್ತಿದ್ದ ವಸ್ತ್ರವನ್ನು ಕಿವಿಯಿಂದ ಸರಿಸಿಕೊಂಡು, ನನ್ನ ಕಡೆಗೆ ಎರಡು ಹೆಜ್ಜೆ ಇಟ್ಟ.

"ಏನ್ರಿ ಅಕ್ಕೋರ, ಏನಂದ್ರಿ?"

ಅವನ ಹಿಂದೆ ಅಟ್ಟಿ ಬಂತು. ಬಿತ್ತು ಎನ್ನುವುದಕ್ಕಿಂತ ಬಂತು ಎನ್ನಬೇಕು. ಮೊಬೈಲು ನನ್ನ ಕೈಯಿಂದ ಜಾರಿತು. ಧೂಳಿನಲ್ಲಿ ಏನೂ ಕಾಣಲಿಲ್ಲ. ಅವನು ನಿಂತಿದ್ದ ಜಾಗದಲ್ಲಿ ಚೀಲಗಳು ನನ್ನ ಸೊಂಟದೆತ್ತರ ಬಿದ್ದಿದ್ದವು. ಅವುಗಳ ಅಂಚಿನಲ್ಲಿ ಅವನು ಬೋರಲಾಗಿ ಬಿದ್ದಿದ್ದ. ಎಡಗಾಲು ಮಾತ್ರ ಒಳಗೆ ಸಿಕ್ಕಿಕೊಂಡಿತ್ತು. ಮೊದಲು ಕೆಮ್ಮಿದ. ಆಮೇಲೆ ಅವನು ಬೈದ ಬೈಗುಳವನ್ನು ಇಲ್ಲಿ ಬರೆಯಲಾಗದು. ಅಷ್ಟು ಸಮಾಧಾನ ಕೊಟ್ಟ ಮಾತನ್ನು ನಾನು ಜೀವನದಲ್ಲಿ ಕೇಳಿಲ್ಲ.

ಉಳಿದ ನಾಲ್ವರು ಚೀಲ ಎತ್ತಿ ಕಾಲು ಬಿಡಿಸಿದರು. ಎದುರಿನ ಚಹಾದಂಗಡಿಯಿಂದ ಸಂಘದವರು ಓಡಿ ಬಂದರು. ಅವರಲ್ಲಿ ಆ ಅಜ್ಜನೂ ಇದ್ದ. ಯಾರು ಸಹಿ ಹಾಕಿದವರು, ಯಾರು ಹಾಕದವರು ಎಂದು ಆಗ ಯಾರೂ ನೋಡಲಿಲ್ಲ. ನಾನು ಅಲ್ಲೇ ಕೂತುಬಿಟ್ಟಿದ್ದೆ. ಮಾಲಕರು ನೀರಿನ ಬಾಟಲಿ ತಂದರು. "ಎಂತದೂ ಆಜಿಲ್ಲೆ ತಂಗಿ, ಎಂತದೂ ಆಜಿಲ್ಲೆ. ನೀ ಸುಮ್ನೆ ಕೂತ್ಗ" ಎನ್ನುತ್ತ, ಏನೂ ಆಗಿಲ್ಲವೆಂದು ಸಮಾಧಾನ ಮಾಡುವ ಭರದಲ್ಲಿ ನನಗೆ ಕೊಡುವುದನ್ನು ಮರೆತು ತಾವೇ ಬಾಟಲಿಯನ್ನು ಬಾಯಿಗೆ ಎತ್ತಿದರು. ಮುಚ್ಚಳ ತೆಗೆದಿರಲಿಲ್ಲ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ನೋಡಿದರು. ಪಾದದ ಎಲುಬು ಎರಡು ಕಡೆ ಮುರಿದಿತ್ತು. ಕೂಡಿಕೊಳ್ಳುತ್ತದೆ ಎಂದರು ಡಾಕ್ಟರು. ಕೂಡಿಕೊಳ್ಳುತ್ತದೆ. ಈ ಮಾತನ್ನು ನಾನು ಕಾನಸೂರು ಬರುವವರೆಗೆ ಬಸ್ಸಿನಲ್ಲಿ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಬಂದೆ.

ಮಾರನೆಯ ದಿನ ಸಂಚಾಲಕರು ಫೋನು ಮಾಡಿದರು. ಮೊದಲು ಅವನ ಕಾಲಿನ ಬಗ್ಗೆ ಕೇಳಿದರು. ಆಸ್ಪತ್ರೆಯ ಖರ್ಚು ವೇದಿಕೆಯೇ ನೋಡಿಕೊಳ್ಳುತ್ತದೆ ಎಂದರು. ಆಮೇಲೆ, "ಒಂದು ಹೇಳಿಕೆ ಬೇಕ್ರಿ ಮೇಡಂ. ಆ ಅಟ್ಟಿ ಹಚ್ಚಿದವ್ರು ಸಂಘದವ್ರ. ಅವ್ರು ಹಚ್ಚಿದ್ದ ಅಟ್ಟಿ ಬಿದ್ದೈತಿ. ಅಷ್ಟ ಬರೀರಿ, ಸುಳ್ಳೇನಲ್ಲಲ್ಲ" ಎಂದರು.

ಸುಳ್ಳಲ್ಲ. ಹಿಂದಿನ ವಾರ ಆ ಅಟ್ಟಿ ಹಾಕಿದ್ದು ಸಂಘದ ಗುಂಪೇ. ನಾನು ಕಾಗದ ತೆಗೆದುಕೊಂಡು ಕೂತೆ ಕೂಡ. ಹಿಂದಿನ ಸಲವೂ ನಾನು ಸುಳ್ಳು ಬರೆದಿರಲಿಲ್ಲ. ಮುದುಕ ಕೂತು ಕಂಬ ಬಡಿಯುತ್ತಿದ್ದುದು ನಿಜ, ಬುಡದ ಚೀಲ ಕಾಯುತ್ತಿದ್ದುದೂ ನಿಜ. ಎರಡು ನಿಜಗಳಲ್ಲಿ ಒಂದನ್ನು ಆರಿಸಿ ಬರೆದಿದ್ದೆ ಅಷ್ಟೆ. ಈ ಸಲ ಬರೆಯಲಾಗಲಿಲ್ಲ. ಸಂಜೆ ಅವರಿಗೆ ಫೋನು ಮಾಡಿ, ಕೆಲಸ ಬಿಡುತ್ತೇನೆ ಎಂದೆ. ಅವರು ಸಿಟ್ಟಾಗಲಿಲ್ಲ. "ವಿಚಾರ ಮಾಡ್ರಿ" ಎಂದರು.

ಅಟ್ಟಿ ನನ್ನನ್ನು ಬಿಡಲಿಲ್ಲ. ಅರಬೈಲ್ ಘಟ್ಟದಲ್ಲಿ ಬಸ್ಸಿನ ಮುಂದೆ ಚೀಲ ಹೇರಿದ ಲಾರಿ ಹೋಗುತ್ತಿದ್ದರೆ ಇಂದಿಗೂ ನನ್ನ ಕಣ್ಣು ಕೆಳಗಿನ ಸಾಲಿಗೇ ಹೋಗುತ್ತದೆ. ಆ ಎರಡು ಹೆಜ್ಜೆಗಳನ್ನು ಮತ್ತೆ ಮತ್ತೆ ನೋಡುತ್ತೇನೆ. ಅವನಿಗೆ ನನ್ನ ಮಾತು ಅರ್ಥವಾಗಿ ಅಟ್ಟಿಯ ಕಡೆಗೇ ತಿರುಗಿಬಿಟ್ಟಿದ್ದರೆ? ಅಲ್ಲೇ ನಿಂತು "ಏನು" ಎಂದಿದ್ದರೆ? ಅವನು ಸ್ವಲ್ಪ ಒರಟು ಮನುಷ್ಯನಾಗಿದ್ದರೆ?

ಮೂರು ವಾರದ ಮೇಲೆ ಧೈರ್ಯ ಮಾಡಿ ಅವನ ಮನೆಗೆ ಹೋದೆ. ಆ ಸಾಲು ಬರೆದದ್ದು ನಾನೆಂದು ಅವನಿಗೆ ಹೇಳಬೇಕಿತ್ತು. ಹೇಳದೆ ಇದ್ದರೆ ಅವನು ಬದುಕಿದ ಸಂತೋಷವನ್ನೂ ಪೂರ್ತಿ ಪಡಲಾಗುತ್ತಿರಲಿಲ್ಲ.

ಅವನು ಜಗುಲಿಯ ಮೇಲೆ ಪ್ಲಾಸ್ಟರ್ ಹಾಕಿದ ಕಾಲನ್ನು ಮಣೆಯ ಮೇಲಿಟ್ಟು ಕೂತಿದ್ದ. "ಬರ್ರಿ ಬರ್ರಿ, ಕೂಡ್ರಿ" ಎಂದ. ಅವನ ಹೆಂಡತಿ ಒಳಗಿನಿಂದ ಚಾಪೆ ತಂದು ಹಾಸಿದಳು.

"ನಾ ಕರದ್ರ ಇವ್ರು ಒಂದ ಸಲಕ್ಕ ತಿರುಗಂಗಿಲ್ರಿ. ನೀವು ಕೂಗಿದ್ರ ಹೆಂಗ ತಿರುಗಿದ್ರು, ಅದನ್ನ ಕೇಳ್ರಿ ಮೊದಲ."

"ನೀ ಕರಿಯೂದು ದಿನಾ ಐತಿ" ಎಂದ ಅವನು. "ಅಕ್ಕೋರು ಕೂಗಿದ್ರ ಪಾಠ ಒಪ್ಪಸಂತಾರೇನೋ ಅಂತ ಹೆದರಿಕಿ."

ನಾನು ನಗಲಿಲ್ಲ. ತಡಮಾಡಿದರೆ ಆಗುವುದಿಲ್ಲವೆಂದು ಹೇಳಿಯೇಬಿಟ್ಟೆ. "ಕರಪತ್ರದಲ್ಲಿ ಕಂಬದ ಮಾತು ಬರೆದದ್ದು ನಾನು."

"ಗೊತ್ತೈತ್ರಿ."

"ಯಾರು ಹೇಳಿದರು?"

"ಯಾರ ಹೇಳಬೇಕ್ರಿ? ಹುಬ್ಬಳ್ಳಿ ಸಾಹೇಬ್ರು ಆ ಕಂಬಾನ ನೋಡಿಲ್ಲ. ಎರಡು ದಿನ ಅದರ ಬಾಜೂ ಕೂತು ನೋಡಿದವ್ರು ನೀವ ಒಬ್ರು." ಅವನು ಕಾಲನ್ನು ಸ್ವಲ್ಪ ಸರಿಸಿದ. "ನೀವು ಬರದ್ರಿ. ಓದಿ ಸಹಿ ಮಾಡಿದಾಂವ ನಾನಲ್ಲೇನು? ನೀವೇನು ನನ್ನ ಕೈ ಹಿಡದು ಮಾಡಿಸಿಲ್ಲ."

"ಕೈ ಹಿಡದು ಮಾಡಿಸಿದ್ರ ಮಾತ ಬ್ಯಾರೆ ಇರತಿತ್ತು" ಎಂದಳು ಹೆಂಡತಿ, ಒಳಗೆ ಹೋಗುತ್ತ. ಈ ಸಲ ನನಗೂ ನಗು ಬಂತು. ನಗುತ್ತಲೇ ಕಣ್ಣು ಒರೆಸಿಕೊಂಡೆ.

ಅವನು ಒಂದು ಪತ್ರ ಬರೆದುಕೊಡಿ ಎಂದ, ಸಂಘಕ್ಕೆ. ನಾನು ಕಾಗದ ತೆಗೆದು, "ನನ್ನ ತಪ್ಪಿನ ಅರಿವಾಗಿದ್ದು" ಎಂದು ಶುರು ಮಾಡಿದೆ. ಓದಿ ಹೇಳಿದಾಗ ಅವನು ಕೈ ಅಡ್ಡ ಹಿಡಿದ.

"ಹೊಡದ ಹಾಕ್ರಿ ಅದನ್ನ. ಎರಡು ವರ್ಷ ಹೊರಗ ನಿಂದರಿಸಿದ್ದು ಅವ್ರ ತಪ್ಪು, ಅದನ್ನೂ ಬರೀತೀರೇನು? ಇಲ್ಲಲ್ಲ? ಹಂಗಾರ ಎರಡೂ ಬ್ಯಾಡ. ವಾಪಸ್ ಬರ್ತೇನಿ, ಪೂರಾ ಸದಸ್ಯ ಮಾಡ್ರಿ, ಗುಂಪಿಗೆ ಮೊದಲಿನ ಹಂಗ ಕಂಬಕ್ಕ ಒಬ್ಬ ಇರಬೇಕು. ಅಷ್ಟ ಬರೀರಿ."

ಅಷ್ಟೇ ಬರೆದೆ. ಮೂರು ವಾಕ್ಯ. ಇನ್ನೊಂದು ಸೇರಿಸಬೇಕೆಂದು ಕೈ ತುಡಿಯಿತು, ಸೇರಿಸಲಿಲ್ಲ. ಅವನು ಪೆನ್ನು ತೆಗೆದುಕೊಂಡು ತೊಡೆಯ ಮೇಲೆ ಕಾಗದವಿಟ್ಟು ನಿಧಾನವಾಗಿ ಸಹಿ ಮಾಡಿದ. ಮಾಡುವಾಗ ಶ್ರದ್ಧೆಯಿಂದ ನಾಲಗೆಯನ್ನು ತುಟಿಗೆ ಒತ್ತಿ ಹಿಡಿದಿದ್ದ. ಅವನು ಕಾಗದ ನೋಡುತ್ತಿದ್ದಾಗ ನಾನು ಅವನ ಕಾಲು ನೋಡಿದೆ. ಪ್ಲಾಸ್ಟರಿನ ಹೊರಗೆ ಬೆರಳುಗಳು ಕಾಣುತ್ತಿದ್ದವು. ಸ್ವಲ್ಪ ಊದಿದ್ದವು, ಉಗುರಲ್ಲಿ ಇನ್ನೂ ವಖಾರಿಯ ಕೆಂಧೂಳಿತ್ತು.

"ಅಲ್ಲಾಡುತ್ತವಾ?" ಎಂದೆ.

"ನೋಡ್ರಿ" ಎಂದು ಅವನು ಅಲ್ಲಾಡಿಸಿದ. ಐದೂ ಅಲ್ಲಾಡಿದವು.