ರುದ್ರಪ್ಪ ಮೇಷ್ಟ್ರು ತೀರಿಸಿಕೊಂಡ ಸೇಡು

ರುದ್ರಪ್ಪ ಮೇಷ್ಟ್ರಿಗೆ ಸಿಟ್ಟು ಬಂದರೆ ದನಿ ತಗ್ಗುತ್ತಿತ್ತು. ಕೈಗಂಟಿದ ಸೀಮೆಸುಣ್ಣದ ಪುಡಿ ಕೊಡವಿಕೊಂಡು, ನಗುತ್ತಲೇ "ಆಗ್ಲಿ, ನೋಡ್ಕಂತೀನಿ" ಎನ್ನುತ್ತಿದ್ದರು. ನೋಡಿಕೊಳ್ಳದೆ ಬಿಟ್ಟವರಲ್ಲ.

ಹಿರೇಗುಂಟನೂರಿನಾಚೆ ನಮ್ಮೂರ ಶಾಲೆಯಲ್ಲಿ ಒಂದೇ ಕೋಣೆಗೆ ನಾಲ್ಕು ತರಗತಿ. ಎಪ್ಪತ್ತರ ದಶಕದಲ್ಲಿ ಸರ್ಕಾರ ಅದಕ್ಕೊಂದು ರೇಡಿಯೋ ಕೊಟ್ಟಿತು. ಉಳಿದವರು ರೇಡಿಯೋ ಪಾಠ ಕೇಳುವಷ್ಟು ಹೊತ್ತು ಮೇಷ್ಟ್ರು ಹಿಂದುಳಿದವರನ್ನು ಒಬ್ಬೊಬ್ಬರಾಗಿ ಪಕ್ಕಕ್ಕೆ ಕೂರಿಸಿಕೊಂಡು, ಯಾರು ಎಲ್ಲಿ ಎಡವುತ್ತಾರೋ ಅಲ್ಲಿಂದ ಕಲಿಸುತ್ತಿದ್ದರು. ನನಗೆ ಒತ್ತಕ್ಷರ ಕಂಡರೆ ಕಣ್ಣು ಕತ್ತಲಾಗುತ್ತಿತ್ತು. ಮೂರನೇ ಕ್ಲಾಸಿನಲ್ಲಿ ಇನ್ನೊಮ್ಮೆ ನಪಾಸಾದರೆ ಕುರಿ ಹಿಂದೆ ಕಳಿಸುತ್ತೇನೆಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದ.

ಆ ಸುಖ ಎರಡೇ ವಾರ. ಮಕ್ಕಳು ಕೆಡಿಸುತ್ತಾರೆಂದು ಹೆಡ್ ಮೇಷ್ಟ್ರು ರೇಡಿಯೋವನ್ನು ಶಾಲೆಯ ಪಕ್ಕದಲ್ಲೇ ಇದ್ದ ತಮ್ಮ ಮನೆಗೆ ಹೊತ್ತೊಯ್ದರು. ಮೇಷ್ಟ್ರು ವಾಪಸ್ಸು ಕೇಳಿದರೆ ನನ್ನತ್ತ ಕೈ ತೋರಿಸಿ, "ಕುರಿ ಕಾಯೋರ ಮಕ್ಳಿಗೆ ಒಬ್ಬೊಬ್ರಿಗೂ ಒಂದೊಂದು ಪಾಠ ಬೇಕೇನ್ರಿ?" ಎಂದರು. ನನಗೆ ಉರಿದುಹೋಯಿತು.

"ಆಗ್ಲಿ, ನೋಡ್ಕಂತೀನಿ."

ಇನ್ಸ್‌ಪೆಕ್ಟರು ಬರುವ ದಿನ ರೇಡಿಯೋ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಶಾಲೆಯ ಮೇಜಿನ ಮೇಲೆ ಕೂತಿತ್ತು. ರೇಡಿಯೋದಲ್ಲಿ ಏನೇನು ಕೇಳುತ್ತೀರಿ ಎಂದು ಅವರು ವಿಚಾರಿಸಿದಾಗ ಮೇಷ್ಟ್ರು ಬೇಕೆಂದೇ ನನ್ನನ್ನು ಎಬ್ಬಿಸಿದರು.

"ನಿನ್ ಕಿವಿಗೆ ಏನ್ ಬಿದ್ದೈತೋ ಅದ್ನೇ ಹೇಳವ್ವ."

"ಪಿಚ್ಚರ್ ಹಾಡು ಸಾರ್," ಎಂದೆ. "ಪಾಠ ಶುರುವಾದ್ರೆ ಹೆಡ್ ಮೇಷ್ಟ್ರ ಮನೆ ಅಮ್ಮಾರು ಅದ್ರ ಕಿವಿ ತಿರುವಿ ಬಂದ್ ಮಾಡ್ತಾರೆ."

ಹೆಡ್ ಮೇಷ್ಟ್ರ ಮುಖ ಹುಳ್ಳಗಾದದ್ದು ಕಂಡು ನನಗೆ ಹೋಳಿಗೆ ಉಂಡಷ್ಟು ಖುಷಿಯಾಯಿತು. ರೇಡಿಯೋ ಶಾಲೆಯಲ್ಲೇ ಉಳಿಯಿತು. ಪರೀಕ್ಷೆಯವರೆಗೆ ಮೇಷ್ಟ್ರು ದಿನವೂ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. ನಾನು ಪಾಸಾದೆ. ಅಷ್ಟರಲ್ಲಿ ಹೆಡ್ ಮೇಷ್ಟ್ರ ದೂರು ಚಿತ್ರದುರ್ಗದ ಕಚೇರಿ ಮುಟ್ಟಿತ್ತು.

ಮೇಷ್ಟ್ರು ಊರು ಬಿಡುವ ದಿನ ಬಸ್ಸಿನ ಹತ್ತಿರ ಅವರನ್ನು ಬೀಳ್ಕೊಡಲು ಹೆಡ್ ಮೇಷ್ಟ್ರೂ ಬಂದರು, ನಾಚಿಕೆಯಿಲ್ಲದೆ. ಮೇಷ್ಟ್ರು ಜೇಬಿನಿಂದ ವರ್ಗದ ಕಾಗದ ತೆಗೆದು ನನ್ನ ಕೈಗಿಟ್ಟರು.

"ಜೋರಾಗಿ ಓದವ್ವ. ಇವ್ರಿಗೂ ಕೇಳ್ಲಿ."

ಒಂದು ಒತ್ತಕ್ಷರದಲ್ಲೂ ಎಡವದೆ ಓದಿದೆ: "ವಿದ್ಯಾರ್ಥಿನಿಯೊಬ್ಬಳಿಗೆ ಸುಳ್ಳು ಹೇಳಿಕೊಟ್ಟು ಮುಖ್ಯೋಪಾಧ್ಯಾಯರನ್ನು ಅವಮಾನಿಸಿದ ಕಾರಣ ಹೊಸದುರ್ಗ ತಾಲ್ಲೂಕಿಗೆ ವರ್ಗಾಯಿಸಲಾಗಿದೆ."

ಹೆಡ್ ಮೇಷ್ಟ್ರು ನೆಲ ನೋಡಿದರು. ರುದ್ರಪ್ಪ ಮೇಷ್ಟ್ರು ಅವರನ್ನೇ ನೋಡಿ ಮೀಸೆಯಡಿ ನಕ್ಕು ಬಸ್ಸು ಹತ್ತಿದರು. ಮತ್ತೆ ಅವರನ್ನು ನಾನು ನೋಡಲಿಲ್ಲ.

ಆ ವಿದ್ಯಾರ್ಥಿನಿ ನಾನೇ ಎಂದು ನನಗೆ ಹೊಳೆದದ್ದು ಬಸ್ಸು ಹೋದ ಮೇಲೆ. ಹೆಡ್ ಮೇಷ್ಟ್ರನ್ನು ಇವತ್ತಿಗೂ ಕ್ಷಮಿಸಿಲ್ಲ.