ಕುಕ್ಕರಿನ ಮರಳು, ಬೇವಿನ ಕೇಕು

ಮೊನ್ನೆ ಯುಗಾದಿಗೆಂದು ಮನೆಯ ಧೂಳು ಹೊಡೆಯುವಾಗ ಅಟ್ಟದ ಮೂಲೆಯಲ್ಲಿದ್ದ ಹಳೆಯ ಕುಕ್ಕರನ್ನು ಹಿಡಿ ಹಿಡಿದು ಎಳೆದೆ. ಅದರ ಮುಚ್ಚಳ ಎಲ್ಲಿ ಹೋಗಿತ್ತೋ ದೇವರೇ ಬಲ್ಲ. ಒಳಗಿದ್ದ ಎರಡು ಸೇರು ಮರಳು ನೆಟ್ಟಗೆ ನನ್ನ ನೆತ್ತಿಯ ಮೇಲೆ ಸುರಿಯಿತು. ಕಣ್ಣು, ಕಿವಿ, ರವಿಕೆ, ಎಲ್ಲಿಗೆ ಹೋಗಬಾರದೋ ಅಲ್ಲಿಗೆಲ್ಲ ಹೋಯಿತು. ಏಣಿಯ ಮೇಲೆ ನಿಂತೇ "ಅತ್ತೇ, ಹೋದ್ಮೇಲೂ ನನ್ನ ಬಿಡಲ್ವಲ್ಲ ನೀವು!" ಎಂದು ಕೂಗಿಬಿಟ್ಟೆ. ಕೆಳಗೆ ಏಣಿ ಹಿಡಿದಿದ್ದ ನನ್ನ ಗಂಡ ಗಾಬರಿಯಿಂದ ತಲೆ ಎತ್ತಿದರು, ಅವರ ಕಣ್ಣಿಗೂ ಒಂದಿಷ್ಟು ಬಿತ್ತು. ಬೀಳಲಿ ಬಿಡಿ, ಅದೇ ತಾಯಿಯ ಮಗನಲ್ಲವೇ.

ಕುಕ್ಕರಿನೊಳಗೆ ಮರಳೇಕೆ ಎಂದು ನೀವು ಕೇಳಬಹುದು. ಓವನ್ ಇಲ್ಲದ ಮನೆಯಲ್ಲಿ ಕೇಕ್ ಬೇಯಿಸುವುದೇ ಹಾಗೆ. ತಳಕ್ಕೆ ಮರಳು ಹರವಿ, ವಿಷಲ್ ಕಳಚಿಟ್ಟು, ಒಣ ಶಾಖದಲ್ಲಿ ಬೇಯಲು ಬಿಡಬೇಕು. ಇದನ್ನು ನನಗೆ ಕಲಿಸಿದ್ದು ಹೊಸಕೋಟೆಯಲ್ಲಿ ನಡೆದ ಮೂರು ದಿನದ ಕೇಕ್ ತರಬೇತಿ. ಮೂರು ದಿನವೂ ಪೂರ್ತಿಯಲ್ಲ, ಕೊನೆಯ ದಿನ ಅಲಂಕಾರ ಹೇಳಿಕೊಡುವ ಹೊತ್ತಿಗೆ ಬಸ್ಸು ತಪ್ಪೀತೆಂದು ಎದ್ದು ಬಂದಿದ್ದೆ. ಆದರೂ ಅವರು ಕೊಟ್ಟ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ನೇತುಹಾಕಿದ್ದೆ. ದೊಡ್ಡಬಳ್ಳಾಪುರದ ಪೇಟೆಯಿಂದ ಸೂಲಿಬೆಲೆ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದವಳು ನಾನು, ಏನಾದರೊಂದು ಜಂಭ ಬೇಡವೇ? ಆ ಜಂಭವೇ ನನಗೆ ಮುಳುವಾಯಿತು.

ನಮ್ಮ ಮಾವನವರದು ಮೂವರು ಅಣ್ಣತಮ್ಮಂದಿರ ಮನೆತನ. ಹೊಲ ಭಾಗವಾಗಿ, ಒಲೆ ಮೂರಾಗಿ ಬಹಳ ವರ್ಷಗಳಾಗಿದ್ದವು. ಯುಗಾದಿಯ ಎಡೆ ಮಾತ್ರ ಭಾಗವಾಗಿರಲಿಲ್ಲ. ಮನೆತನದ ಹಿರಿಯ ಹೆಂಗಸು ಯಾರೋ ಅವರ ಮನೆಯಲ್ಲಿ, ಅವರ ಕೈಯಾರೆ ಮಾಡಿದ ಸಿಹಿಯನ್ನು ದೇವರ ಮುಂದೆ ಎಡೆ ಇಡಬೇಕು. ಆಮೇಲೆ ಮೂರೂ ಮನೆಯವರು ಅಲ್ಲೇ ಸಾಲಾಗಿ ಕುಳಿತು ಉಣ್ಣಬೇಕು. ಆ ಹಿರಿಯ ಹೆಂಗಸು ನನ್ನ ಅತ್ತೆ ನಂಜಮ್ಮ. ಆ ಸಿಹಿ ಒಬ್ಬಟ್ಟು. ಬಾಳೆ ಎಲೆಯ ಮೇಲೆ ಅವರು ತಟ್ಟಿದ ಒಬ್ಬಟ್ಟನ್ನು ಎತ್ತಿ ಹಿಡಿದರೆ ಆಚೆಗಿನ ಬೆಳಕು ಕಾಣುತ್ತಿತ್ತು. ಇದನ್ನು ನಾನು ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ, ನನ್ನದು ಇವತ್ತಿಗೂ ರೊಟ್ಟಿಯಷ್ಟು ದಪ್ಪ.

ಆಮೇಲೆ ಅವರ ಕೈ ನಡುಗಲು ಶುರುವಾಯಿತು. ಮೊದಮೊದಲು ಕಾಫಿ ಲೋಟದಲ್ಲಿ ಕಾಣುತ್ತಿತ್ತು. ಒಂದು ಯುಗಾದಿಯಲ್ಲಿ ಒಬ್ಬಟ್ಟಿನಲ್ಲೂ ಕಂಡಿತು. ಕಣಕ ಹರಿಯಿತು, ಹೂರಣ ಹೊರಗೆ ಬಂತು, ಹೆಂಚಿನ ಮೇಲೆ ಬೆಲ್ಲ ಸೀದು ಮನೆಯೆಲ್ಲ ಹೊಗೆ. ಇಪ್ಪತ್ತರಲ್ಲಿ ಆರು ನೆಟ್ಟಗೆ ಬಂದವು. ಅವತ್ತು ಊಟಕ್ಕೆ ಕುಳಿತಿದ್ದ ಗೌರಮ್ಮ ಚಿಕ್ಕತ್ತೆ, ಎಂದರೆ ಅತ್ತೆಯ ವಾರಗಿತ್ತಿ, ಎಲೆಯ ಮೇಲಿನ ಚೂರನ್ನು ಎತ್ತಿ ನೋಡಿ ಹೇಳಿದರು: "ಮುಂದಿನ ವರ್ಷದಿಂದ ಎಡೆ ನಮ್ಮನೇಲೇ ಇಡಣ ಬುಡಕ್ಕ. ನಿನಗ್ಯಾಕೆ ಈ ತಾಪತ್ರಯ?"

ಅದರಲ್ಲಿ ಕರುಣೆ ಎಷ್ಟಿತ್ತು, ಬಹುದಿನದ ಆಸೆ ಎಷ್ಟಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವತ್ತಿನಿಂದ ಒಂದು ವರ್ಷ ಪೂರ್ತಿ ಆ ಮನೆಯಲ್ಲಿ ನಾನು ಬದುಕಿದ್ದು ಆ ಎಡೆಯ ಚಿಂತೆಯ ಜೊತೆಗೇ. ಹಸುವಿಗೆ ಹುಲ್ಲು ಹಾಕುವಾಗಲೂ ಅದೇ ಮಾತು, ಡೈರಿಗೆ ಹಾಲು ಕಳಿಸುವಾಗಲೂ ಅದೇ. ಒಂದು ದಿನ ಬೇಸತ್ತು, "ಅತ್ತೆ, ನಾನು ತಟ್ತೀನಿ, ನೀವು ಮಾಡಿದ್ದು ಅಂದ್ಬಿಡೋಣ" ಎಂದೆ.

"ದೇವ್ರ ಮುಂದೆ ಸುಳ್ಳು ಹೇಳಿಸ್ತೀಯಾ? ಅದೂ ನೀನು ತಟ್ಟಿದ್ದನ್ನ ನಂದು ಅಂತ?" ಎಂದರು. ಸುಳ್ಳಿಗಿಂತ ಆ ಎರಡನೆಯ ಮಾತೇ ಅವರಿಗೆ ಹೆಚ್ಚು ಅವಮಾನದ್ದಾಗಿತ್ತು ಎಂಬುದು ಧ್ವನಿಯಲ್ಲೇ ತಿಳಿಯುತ್ತಿತ್ತು.

ಮುಂದಿನ ಯುಗಾದಿಗೆ ವಾರವಿದೆ ಎನ್ನುವಾಗ, ಬೆಳಗಿನ ಕಾಫಿ ಮುಗಿಸಿ, ಗೋಡೆಯ ಮೇಲಿನ ನನ್ನ ಸರ್ಟಿಫಿಕೇಟನ್ನು ಬಹಳ ಹೊತ್ತು ನೋಡಿದರು. ಓದು ಬಾರದ ಹೆಂಗಸು ಅಷ್ಟು ಹೊತ್ತು ನೋಡಿದ್ದು ಕಂಡೇ ನನಗೇನೋ ಕಾದಿದೆ ಎಂದುಕೊಂಡೆ.

"ಅಮ್ಮಣ್ಣಿ, ಆ ಕೇಕನ್ನ ತಟ್ಟಬೇಕೇನು?"

"ಇಲ್ಲ ಅತ್ತೆ, ಹಿಟ್ಟು ಕಲಸಿ ಹುಯ್ಯೋದು."

"ಹಂಗಾರೆ ಈ ಸಲ ಎಡೆಗೆ ಕೇಕು. ಸಣ್ಣ ಸಣ್ಣವು, ತಲೆಗೊಂದು. ಮೇಲೆ ಸಿಂಗಾರ ಬೇರೆ ಮಾಡಬೇಕು, ಗೌರಿ ಒಬ್ಬಟ್ಟು ಹೊತ್ಕಂಡೇ ಬರ್ತಾಳೆ, ನೋಡಿದೋರು ಅದನ್ನ ಕೇಳಬಾರ್ದು."

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಯುಗಾದಿಗೆ ಕೇಕು! ದೇವರು ಏನೆಂದುಕೊಳ್ಳುತ್ತಾನೆ ಎಂದರೆ, "ದೇವ್ರು ಬೇಕರಿಗೋಗಕ್ಕಾಯ್ತದಾ? ಪಾಪ, ಅವನೂ ತಿನ್ನಲಿ" ಎಂಬ ಉತ್ತರ. ಮೊಟ್ಟೆ ಬೇಕಲ್ಲ ಎಂದರೆ, "ಮೊಟ್ಟೆ ಮಾಂಸ ಎಲ್ಲ ಮಾರ್ನೇ ದಿನ ಹೊಸತೊಡಕಿಗೆ. ಯುಗಾದಿ ದಿನ ಹೊಸಲು ದಾಟಂಗಿಲ್ಲ." ಮೊಟ್ಟೆ ಹಾಕದ ಕೇಕು ನಮಗೆ ಕಲಿಸಿದ್ದು ಆ ಕೊನೆಯ ದಿನ ಮಧ್ಯಾಹ್ನ, ನಾನು ಬಸ್ಸಿನಲ್ಲಿದ್ದಾಗ. ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಾಗಲಿಲ್ಲ. ಮೊಸರು, ಅಡುಗೆ ಸೋಡ ಹಾಕಿ ವಾರವೆಲ್ಲ ಗುಟ್ಟಾಗಿ ಪ್ರಯೋಗ ಮಾಡಿದೆ. ಮೊದಲನೆಯದು ಇಟ್ಟಿಗೆಯಾಯಿತು, ಎರಡನೆಯದು ಅಂಬಲಿ. ಒಲೆ ಸರಿಯಿಲ್ಲ, ಕುಕ್ಕರ್ ಸರಿಯಿಲ್ಲ ಎಂದು ಗೊಣಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ. ನಾಲ್ಕನೆಯದನ್ನು ನಮ್ಮ ಹಸು ಮೂಸಿ ನೋಡಿ ತಿಂದಿತು. ಅಷ್ಟೇ ಸಾಕೆಂದುಕೊಂಡೆ.

ಹಬ್ಬದ ದಿನ ಬೆಳಗ್ಗೆ ಎಣ್ಣೆ ನೀರು ಹಾಕಿಕೊಂಡು, ತಲೆ ಒಣಗುವ ಮೊದಲೇ ಒಲೆಯ ಮುಂದೆ ಕುಳಿತೆವು. ಇಪ್ಪತ್ತೆರಡು ಜನ, ಕುಕ್ಕರಿಗೆ ಹಿಡಿಯುವುದು ಐದು ಸ್ಟೀಲ್ ಬಟ್ಟಲು, ಒಂದೊಂದು ಸಲಕ್ಕೂ ಅರ್ಧ ಗಂಟೆ. ಲೆಕ್ಕ ಹಾಕಿಯೇ ನನಗೆ ಸುಸ್ತಾಗಿತ್ತು. ಅತ್ತೆ ಮಾತ್ರ ಮಣೆಯ ಮೇಲೆ ಮದುವಣಗಿತ್ತಿಯ ಹಾಗೆ ಕುಳಿತು, ತಮ್ಮ ಕೈಯಾರೆ ಹಿಟ್ಟು ಕಲಸಿದರು. ಕಲಸುವುದಕ್ಕೆ ನಡುಕ ಅಡ್ಡಿಯಾಗಲಿಲ್ಲ, ಬದಲಿಗೆ ಹಿಟ್ಟು ಚೆನ್ನಾಗಿಯೇ ಕಲಸಿಕೊಂಡಿತು. ಅದನ್ನು ನೋಡಿ ಅವರ ಮುಖ ಅರಳಿದ್ದು ನನಗೆ ಕಂಡಿತು. ಕಂಡದ್ದಕ್ಕೇ ಬಯ್ಯಲು ಬಾಯಿ ಬರಲಿಲ್ಲ.

ಪಕ್ಕದಲ್ಲಿ ಇನ್ನೊಂದು ಬಟ್ಟಲಿತ್ತು. ಸಣ್ಣಗೆ ಹೆಚ್ಚಿದ ಬೇವಿನ ಚಿಗುರು, ಹೂವು, ಬೇವು ಬೆಲ್ಲಕ್ಕೆಂದು ತಂದದ್ದು. "ಇದನ್ನೂ ಹಿಟ್ಟಿಗೇ ಹಾಕ್ಬಿಡಣ. ಹೆಂಗೂ ಎಲ್ಲರೂ ತಿನ್ನಲೇಬೇಕಲ್ಲ" ಎಂದರು. "ಒಂದೇ ಒಂದು ಚಿಟಿಕೆ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದೆ. ಅಷ್ಟರಲ್ಲಿ ಡೈರಿಯಿಂದ ಕ್ಯಾನ್ ವಾಪಸ್ಸು ತಂದವರು ಹೊರಗೆ ಕೂಗಿದರು. ಹೋಗಿ ಬರಲು ಎರಡು ನಿಮಿಷ ಹಿಡಿದಿರಬಹುದು. ಬಂದು ನೋಡುತ್ತೇನೆ, ಬೇವಿನ ಬಟ್ಟಲು ಖಾಲಿ. ಹಿಟ್ಟೆಲ್ಲ ಹಸಿರು ಚುಕ್ಕೆ.

"ಕೈ ಜಾರ್ಬುಡ್ತು ಕಣಮ್ಮಿ."

ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಇನ್ನೊಮ್ಮೆ ಕಲಸಲು ಮೈದಾ ಇಲ್ಲ, ಹಬ್ಬದ ದಿನ ಅಂಗಡಿ ಇಲ್ಲ. ಎಷ್ಟು ಕಹಿಯಾಗಿದೆಯೋ ನೋಡೋಣವೆಂದರೆ ಎಡೆಗೆ ಇಡುವ ಮೊದಲು ನಾಲಿಗೆಗೆ ಮುಟ್ಟಿಸುವಂತಿಲ್ಲ. ಒರೆಸೋಣವೆಂದು ಬಟ್ಟೆ ತಂದರೆ ನೆಲ ಚೊಕ್ಕಟವಾಗಿತ್ತು, ಒಂದು ಎಸಳೂ ಬಿದ್ದಿರಲಿಲ್ಲ. ಸದ್ಯ ಆ ಕೆಲಸವಾದರೂ ಉಳಿಯಿತಲ್ಲ ಎಂದುಕೊಂಡು ಬಟ್ಟೆ ಮಡಿಸಿಟ್ಟೆ. ಇದನ್ನು ನೆನಪಿಟ್ಟುಕೊಳ್ಳಿ, ನಾನು ಮರೆತುಬಿಟ್ಟಿದ್ದೆ.

ಸಿಂಗಾರದ ಕಥೆ ಇನ್ನೂ ಘೋರ. ಬೆಣ್ಣೆ ಸಕ್ಕರೆ ನೊರೆ ಬರುವಂತೆ ತಿರುವಿ, ಪ್ಲಾಸ್ಟಿಕ್ ಕವರಿನ ಮೂಲೆ ಕತ್ತರಿಸಿ ಹೂವು ಬಿಡಿಸಿದೆ. ಆ ಬಿಸಿಲಿಗೆ ನನ್ನ ಗುಲಾಬಿಗಳು ಒಂದೊಂದಾಗಿ ಜಾರಿ ತಟ್ಟೆಗಿಳಿದವು. ಅತ್ತೆ ಅದನ್ನೆಲ್ಲ ಸೌಟಿನಿಂದ ಸವರಿ ಹಾಕಿ, ಬಣ್ಣದ ಜೀರಿಗೆ ಪೆಪ್ಪರಮೆಂಟು ಉದುರಿಸಿ, ನಡುವೆ ಕೊಬ್ಬರಿಯ ಒಂದೊಂದು ತೆಳುವಾದ ಬಾಗಿದ ಚೂರು ಊರಿದರು. ಯುಗಾದಿಯ ಚಂದ್ರನಂತೆ. ಅವರ ಕೈ ನಡುಕಕ್ಕೆ ಎಲ್ಲ ಚಂದ್ರರೂ ಓರೆ. ನಾನು ಹಿಂದಿನಿಂದ ಒಂದೊಂದನ್ನೇ ಸರಿಮಾಡುತ್ತ ಬಂದೆ.

"ಮುಟ್ಬೇಡ. ಚಂದ್ರ ಎಲ್ಲಾರ ನೆಟ್ಟಗೆ ನಿಂತಿರೋದು ನೋಡಿದ್ದೀಯಾ?"

ಎಡೆಯಾಯಿತು. ಗೌರಮ್ಮ ಚಿಕ್ಕತ್ತೆ ಬಂದರು, ಬರಿಗೈಯಲ್ಲಲ್ಲ, ಬುಟ್ಟಿ ತುಂಬ ಒಬ್ಬಟ್ಟು ಹೊತ್ತುಕೊಂಡು. "ಅಕ್ಕನ ಕೈಲಿ ಆಯ್ತದೋ ಇಲ್ಲವೋ ಅಂತ ನಾನೂ ಒಂದಿಷ್ಟು ಮಾಡ್ಕಬಂದೆ" ಎಂದು ನಡುಮನೆಯಲ್ಲೇ ಇಳಿಸಿದರು. ಎಲ್ಲರ ಎಲೆಗೂ ಅತ್ತೆಯೇ ಒಂದೊಂದು ಕೇಕು ಬಡಿಸಿದರು. ಚೆಂದ ಚೆಂದ ಎಂದರು ಎಲ್ಲರೂ. ಎಲ್ಲರೂ ಒಟ್ಟಿಗೇ ಕಚ್ಚಿದರು.

ನಾನೂ ಕಚ್ಚಿದ್ದೆ. ಕಹಿ ನಾಲಿಗೆಯಿಂದ ಕಿವಿಗೆ ಹೋಗಿ ಅಲ್ಲಿಂದ ನೆತ್ತಿಗೇರಿತು. ನನ್ನ ಗಂಡ ಕಣ್ಣು ಮುಚ್ಚಿಕೊಂಡರು. ಚಿಕ್ಕತ್ತೆಯ ಕೈ ಬಾಯಿಯ ಹತ್ತಿರ ಹೋಗಿತ್ತು, ಇನ್ನೇನು ಉಗುಳಬೇಕು.

"ಹಬ್ಬದ ಬೇವು ಗೌರಿ. ಉಗುಳಬಾರ್ದು" ಎಂದರು ಅತ್ತೆ.

ಉಗುಳುವಂತಿಲ್ಲ, ನಿಜ. ಯುಗಾದಿಯ ದಿನ ಬೇವು ಬೇಡವೆಂದವರು ನಮ್ಮ ಮನೆತನದಲ್ಲೇ ಇಲ್ಲ. ಇಪ್ಪತ್ತೆರಡು ಜನವೂ ಕಣ್ಣಲ್ಲಿ ನೀರು ತುಂಬಿಕೊಂಡು ನುಂಗಿದರು. ಮಾವನವರು ಬಾಯಿ ಒರೆಸಿಕೊಂಡು, "ಬೆಲ್ಲ ಒಂದ್ ಚೂರು ಕಮ್ಮಿ ಆಯ್ತೇನೋ" ಎಂದರು. ಚಿಕ್ಕತ್ತೆ ನೀರು ಕುಡಿದು, "ಕೇಕಾ ಇದು, ಕಷಾಯನಾ ಅಕ್ಕ?" ಎಂದರು. "ವರ್ಷಕ್ಕಾಗೋ ಕಹಿ ಒಂದೇ ಸಲ ಮುಗೀತು ತಗ. ಈಗ ನಿನ್ನ ಒಬ್ಬಟ್ಟು ಬಡಿಸು" ಎಂದರು ಅತ್ತೆ.

ಆ ಕಹಿಯ ಮೇಲೆ ಆ ಒಬ್ಬಟ್ಟು! ಜನ ಮುಗಿಬಿದ್ದರು. ಇಂಥ ಒಬ್ಬಟ್ಟು ಹುಟ್ಟಿದಾಗಿಂದ ತಿಂದಿಲ್ಲ ಎಂದರು. ಚಿಕ್ಕತ್ತೆಯ ಮುಖ ಹೊಳೆಯಿತು. ಆ ಸಂಭ್ರಮದಲ್ಲೇ ಅತ್ತೆ ಮೆಲ್ಲಗೆ, "ವರ್ಷವರ್ಷವೂ ಹಿಂಗೇ ಮಾಡಣ ಗೌರಿ. ಎಡೆ ಇಲ್ಲಿ, ಒಬ್ಬಟ್ಟು ನಿಂದು" ಎಂದರು. ಚಿಕ್ಕತ್ತೆ ಹೂಂ ಎಂದೇಬಿಟ್ಟರು. ಹಾಗೆ ಎಡೆ ನಮ್ಮ ಮನೆಯಲ್ಲೇ ಉಳಿಯಿತು, ಕುಕ್ಕರಿನ ಮರಳೂ ಉಳಿಯಿತು. ಮುಂದಿನ ಮೂರು ಯುಗಾದಿಯಲ್ಲೂ ನಾನು ಅದೇ ಐದೈದು ಬಟ್ಟಲು ಇಟ್ಟು ತೆಗೆದು ಬೆಂದೆ, ಮೂರೂ ಸಲ ಅತ್ತೆಯ ಕೈ ಜಾರಿತು, ಮೂರೂ ಸಲ ಊರೆಲ್ಲ ನನ್ನ ಸರ್ಟಿಫಿಕೇಟನ್ನು ನೆನೆದು ನಕ್ಕಿತು. ಗೋಡೆಯಿಂದ ಅದನ್ನು ನಾನೇ ಇಳಿಸಿದೆ.

ಅತ್ತೆ ಹೋಗಿ ಎರಡನೆಯ ವರ್ಷ ನಡೆಯುತ್ತಿದೆ. ಹೋದ ಸಲ ಹಬ್ಬ ಮಾಡುವಂತಿರಲಿಲ್ಲ. ಈ ಸಲದಿಂದ ಹಿರಿಯ ಹೆಂಗಸು ಗೌರಮ್ಮ ಚಿಕ್ಕತ್ತೆ, ಎಡೆ ಅವರ ಮನೆಯಲ್ಲಿ. ನನಗೆ ದೊಡ್ಡ ಬಿಡುಗಡೆ ಎಂದುಕೊಂಡು, ತಲೆಯ ಮರಳು ಕೊಡವಿ, ಕುಕ್ಕರನ್ನು ಗುಜರಿಗೆ ಹಾಕಲು ಬಾಗಿಲ ಬಳಿ ಇಟ್ಟಿದ್ದೆ. ಅಷ್ಟರಲ್ಲಿ ಚಿಕ್ಕತ್ತೆಯೇ ಬಂದರು.

"ಎಡೆ ನಿಮ್ಮನೇಲೇ ಇರ್ಲಿ ಕಣಮ್ಮ. ಆ ಕಹಿ ತಿನ್ನದೆ ನನ್ನ ಒಬ್ಬಟ್ಟು ಯಾರಿಗೆ ರುಚಿಯಾದಾತು? ನನಗೇ ಆಗಕ್ಕಿಲ್ಲ. ಕೇಕು ನೀನು ಮಾಡು."

"ನನ್ನಿಂದ ಆಗಲ್ಲ ಚಿಕ್ಕತ್ತೆ. ಅತ್ತೆಗಾದ್ರೆ ಕೈ ನಡುಗ್ತಿತ್ತು, ಬೇವು ಬಿದ್ಬಿಡ್ತಿತ್ತು. ನಾನು ಹಾಕಿದ್ರೆ ಚಿಟಿಕೆಯಷ್ಟೇ ಬೀಳೋದು."

ಅವರು ನನ್ನನ್ನು ಪಾಪವೆನ್ನುವಂತೆ ನೋಡಿದರು. "ಅವತ್ತು ನೆಲದ ಮ್ಯಾಲೆ ಎಷ್ಟು ಬಿದ್ದಿತ್ತು?"

"ಏನೂ ಬಿದ್ದಿರ್ಲಿಲ್ಲ."

"ನಡುಗೋ ಕೈ ಚೆಲ್ತದೆ ಕಣಮ್ಮ. ಒಂದು ಎಸಳೂ ಚೆಲ್ದಂಗೆ ಬಟ್ಟಲು ಬಗ್ಗಿಸಬೇಕಾರೆ ಎರಡು ಕೈಲೂ ಹಿಡ್ಕಂಡು, ಉಸಿರು ಬಿಗಿಹಿಡಿದು ಬಗ್ಗಿಸಿರಬೇಕು. ನನಗೆ ಎರಡನೇ ವರ್ಷಕ್ಕೇ ತಿಳೀತು. ತಿಳಿದೇ ಬುಟ್ಟಿ ತುಂಬಿಸ್ಕಂಡು ಬರ್ತಿದ್ದೆ."

ನಾಲ್ಕು ಯುಗಾದಿಯಲ್ಲೂ ಆ ನೆಲವನ್ನು ಗುಡಿಸಿದವಳು ನಾನು. ನನಗೆ ಹೊಳೆಯಲಿಲ್ಲ. ನನ್ನ ಮೇಲೆ ನನಗೇ ಬಂದ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ? ಆ ಹೆಂಗಸು ನನಗೂ ಒಂದು ಮಾತು ಹೇಳಲಿಲ್ಲವಲ್ಲ ಎಂದು ಅಳುವೂ ಬಂತು.

ಇವತ್ತು ಯುಗಾದಿ. ತಲೆ ಇನ್ನೂ ಒದ್ದೆಯಿದೆ. ಕುಕ್ಕರ್ ಒಲೆಯ ಮೇಲಿದೆ, ಮುಚ್ಚಳಕ್ಕೆ ಬದಲು ಒಂದು ತಟ್ಟೆ, ಒಳಗೆ ಅದೇ ಮರಳು, ಏಣಿಯ ಕೆಳಗಿಂದ ಗೋರಿ ತುಂಬಿದ್ದು. ಹಿಟ್ಟು ಕಲಸಿಯಾಯಿತು. ಬೇವಿನ ಬಟ್ಟಲಿನಿಂದ ಒಂದು ಚಿಟಿಕೆ ಎತ್ತಿ ಹಾಕಿದೆ. ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಪೂರ್ತಿ ಬಗ್ಗಿಸಿದೆ. ನನ್ನ ಕೈ ನಡುಗಿತು. ನೆಲದ ಮೇಲೆ ನಾಲ್ಕು ಎಸಳು ಬಿದ್ದವು.